ತೆಗೆದೆ ಅಂದ ಮಾತು

ಜನವರಿ 20

ಪ್ರೀತಿಯ ತಮ್ಮನಿಗೆ,

ಇಲ್ಲಿ ನಾವೆಲ್ಲ ಕ್ಷೇಮ. ನೀನು ಹೇಳದೆ ಕೇಳದೆ ಊರು ಬಿಟ್ಟ ಮೇಲೆ ನಿನ್ನ ವಿಳಾಸ ಹುಡುಕುವುದೇ ಒಂದು ಕೆಲಸವಾಯಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಸೇರಿಕೊಂಡಿದ್ದೀಯ ಎಂದು ಕೊನೆಗೆ ನಮಗೆ ಸೋಪು ಮಾರುವವನು ಹೇಳಿದ. ನಮ್ಮ ಸ್ವಂತ ಲಾಂಡ್ರಿ ಇಟ್ಟುಕೊಂಡು ನೀನು ಇನ್ನೊಬ್ಬರ ಹೊದಿಕೆ ಒಗೆಯುತ್ತಿದ್ದೀಯ ಎಂದು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಂದು ಸಂತೋಷದ ಸುದ್ದಿ. ಕಳೆದ ಭಾನುವಾರ ಆರಾಧನೆ ಮುಗಿಯುವ ಮೊದಲು ಪಾದ್ರಿಯವರ ಅಪ್ಪಣೆ ಪಡೆದು ಎದ್ದು ನಿಂತೆ. ಇಡೀ ಸಭೆಯ ಮುಂದೆ ಹೇಳಿದೆ: "ನನ್ನ ತಮ್ಮನ ಅಜಾಗರೂಕತೆಯಿಂದ ನಮ್ಮ ಮನೆಗೆ ಆದದ್ದು ನಿಮಗೆಲ್ಲ ಗೊತ್ತು. ಇವತ್ತು ಕರ್ತನ ಎದುರಿನಲ್ಲಿ ನಾವು ಅವನನ್ನು ಕ್ಷಮಿಸಿದೆವು." ಎಷ್ಟೋ ಜನ ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಮಾತಾಡಿಸಿದವರಿಗೆ ಲೆಕ್ಕವಿಲ್ಲ. ನಿನ್ನ ಅತ್ತಿಗೆ ನನ್ನ ಪಕ್ಕದಲ್ಲೇ ಕೂತಿದ್ದಳು.

ಅವಳ ಬಲಗೈಯ ಗಾಯ ಒಣಗಿದೆ. ಬೆರಳುಗಳು ಮಾತ್ರ ಮಡಚುವುದಿಲ್ಲ, ಇನ್ನು ಮಡಚಲಾರವು ಎಂದು ಡಾಕ್ಟರು ಹೇಳಿಬಿಟ್ಟರು. ಇಸ್ತ್ರಿ ಯಂತ್ರದ ಮುಂದೆ ಈಗ ನಾನೊಬ್ಬನೇ. ಏಗುವುದಕ್ಕಾಗುತ್ತಿಲ್ಲ. ಬಂದುಬಿಡು. ನಿನ್ನ ಕೋಣೆ ಹಾಗೆಯೇ ಇದೆ.

ಇತಿ,
ನಿನ್ನ ಅಣ್ಣ ಮತ್ತು ಅತ್ತಿಗೆ


ಫೆಬ್ರವರಿ 3

ಅತ್ತಿಗೆಯವರಿಗೆ ನಮಸ್ಕಾರ,

ಅಣ್ಣನ ಕಾಗದ ಬಂತು. ನೀವು ನನ್ನನ್ನು ಕ್ಷಮಿಸಿದ್ದೀರಿ ಎಂದು ಅದರಲ್ಲಿದೆ. ಕೊನೆಯಲ್ಲಿ ನಿಮ್ಮ ಸಹಿಯೂ ಇದೆ. ಆದರೆ ಸಹಿ ಅಣ್ಣನ ಅಕ್ಷರದಲ್ಲಿದೆ.

ಅಣ್ಣನ ಸ್ವಭಾವ ನಿಮಗೆ ಗೊತ್ತು. ತನಗೆ ನೆಗಡಿಯಾದರೆ "ನಮಗೆ ನೆಗಡಿ" ಅನ್ನುವವನು. ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮಿಂದ ಒಂದೇ ಒಂದು ಸಾಲು ಬಂದರೆ ಸಾಕು, ಇಲ್ಲಿ ಕೆಲಸ ಬಿಟ್ಟು ಹೊರಡುತ್ತೇನೆ. ಬರೆಯಲು ಕಷ್ಟವಾದರೆ ಬೇರೆ ಯಾರ ಕೈಯಲ್ಲಾದರೂ ಬರೆಸಿ. ಅಣ್ಣನ ಕೈಯಲ್ಲಿ ಮಾತ್ರ ಬೇಡ.

ನಿಮ್ಮ ಮೈದುನ


ಫೆಬ್ರವರಿ 27

ಇದು ಎಡಗೈ ಬರಹ. ಅಕ್ಷರ ಕೆಟ್ಟದಾಗಿದೆ. ಓದಿಕೋ.

ನಾನು ಕ್ಷಮಿಸಿಲ್ಲ. ಎದ್ದು ನಿಂತವರು ನಿನ್ನಣ್ಣ. ನಾನು ಕೂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಬರಬೇಡ.

ಅತ್ತಿಗೆ


ಮಾರ್ಚ್ 9

ಅತ್ತಿಗೆಯವರಿಗೆ ನಮಸ್ಕಾರ,

ನಿಮ್ಮ ಅಕ್ಷರ ಓದಲು ಕಷ್ಟವಾಗಲಿಲ್ಲ. ಬರುವುದಿಲ್ಲ. ರಜೆ ಸಿಗುತ್ತಿಲ್ಲ ಎಂದು ಅಣ್ಣನಿಗೆ ಬರೆದಿದ್ದೇನೆ. ನೀವು ಬರೆದದ್ದನ್ನು ಅವನಿಗೆ ಹೇಳಿಲ್ಲ.

ಇಲ್ಲಿ ನನಗೆ ಕೊಳೆಬಟ್ಟೆ ವಿಂಗಡಿಸುವ ಕೆಲಸ. ಯಂತ್ರಗಳ ಕಡೆ ಹಾಕಬೇಡಿ ಎಂದು ನಾನೇ ಕೇಳಿಕೊಂಡೆ. ಕಿಟಕಿಯಿಲ್ಲದ ಕೋಣೆ, ಒಂದು ಉದ್ದ ಮೇಜು, ಮೇಲಿನ ಮಹಡಿಗಳಿಂದ ಗೋಡೆಯೊಳಗಿನ ಕೊಳವೆಯಲ್ಲಿ ದಬದಬ ಬೀಳುವ ಗಂಟುಗಳು. ರಕ್ತದ್ದು ಒಂದು ಕಡೆ, ಔಷಧಿಯ ಕಲೆಯದ್ದು ಒಂದು ಕಡೆ, ಬರೀ ಮಲಗಿ ಎದ್ದದ್ದು ಇನ್ನೊಂದು ಕಡೆ. ಮೊನ್ನೆ ದಿಂಬಿನ ಚೀಲದೊಳಗೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತು. ಅದನ್ನು ತೊಳೆದು ಡಬ್ಬಿಯಲ್ಲಿಟ್ಟು ಮೇಲೆ ಕಳಿಸಿದೆ. ಅದು ತನ್ನದೇ ಎಂದು ಇಬ್ಬರು ಮುದುಕರು ಜಗಳಕ್ಕೆ ಬಿದ್ದರಂತೆ. ನಿಮ್ಮನ್ನು ನಗಿಸಲು ಬರೆದದ್ದಲ್ಲ. ಬರೆಯಲು ಬೇರೇನೂ ಇಲ್ಲ.

ಇಸ್ತ್ರಿ ಯಂತ್ರದ ಬಲಗಡೆ ಗುಂಡಿ ಒತ್ತಿಕೊಂಡೇ ಇರುವ ಹಾಗೆ ಅದರ ಮೇಲೆ ಬಟ್ಟೆ ಮಡಿಸಿ ತಂತಿ ಬಿಗಿದದ್ದು ನಾನು. ಒಂದೇ ಕೈಯಲ್ಲಿ ಯಂತ್ರ ಓಡಿಸಿದರೆ ಹೋಟೆಲಿನ ಪರದೆಗಳು ಬೇಗ ಮುಗಿಯುತ್ತವೆ ಎಂಬ ಅವಸರ. ಎರಡು ಗುಂಡಿ ಯಾಕಿದೆ ಎಂದು ಚೆನ್ನಾಗಿ ಗೊತ್ತಿದ್ದೂ ಮಾಡಿದೆ. ಅದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಿಮ್ಮ ಮೈದುನ


ಏಪ್ರಿಲ್ 16

ಮೈದುನನಿಗೆ,

ಈ ಕಾಗದ ಬರೆಯಲು ಒಂದು ವಾರ ಹಿಡಿದಿದೆ. ದಿನಾ ಸ್ವಲ್ಪ ಸ್ವಲ್ಪ. ಎಡಗೈಗೆ ಬರೆಯುವುದು ಕಲಿಸುವುದೆಂದರೆ ಬೇರೆ ಯಾರದೋ ಮಗುವಿಗೆ ಊಟ ಮಾಡಿಸಿದ ಹಾಗೆ. ಬಾಯಿಯನ್ನೇ ತೆರೆಯುವುದಿಲ್ಲ.

ನೀನು ಗುಂಡಿಗೆ ಬಟ್ಟೆ ಕಟ್ಟಿದ್ದಕ್ಕೆ ಕ್ಷಮೆ ಕೇಳಿದ್ದೀಯ. ಅದನ್ನು ನಾನು ಆಗಲೇ ಮರೆತಿದ್ದೇನೆ. ಅವಸರದಲ್ಲಿ ಯಾರಾದರೂ ಮಾಡುವ ಕೆಲಸ ಅದು. ನೀನು ಹುಟ್ಟಾ ಗಡಿಬಿಡಿಯವನು. ನನ್ನ ಮನಸ್ಸಿನಲ್ಲಿ ಕೂತಿರುವುದು ಅದಲ್ಲ.

ಅವತ್ತು ನಾನು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಒಳಗೆ ಬಂದೆ. ನೀನು ಬೆಳಗಿನಿಂದ ನಿಂತು ಸುಸ್ತಾಗಿದ್ದೆ. ಸ್ವಲ್ಪ ಕೂತುಕೋ, ನಾನು ನೋಡಿಕೊಳ್ಳುತ್ತೇನೆ ಎಂದೆ. ಯಂತ್ರದ ಮುಂದೆ ನಿಲ್ಲುವ ಮೊದಲು ಕೇಳಿದೆ: "ಆ ಬಟ್ಟೆ ತೆಗೆದ್ಯಾ?" ನೀನು ಅಂದೆ: "ತೆಗೆದೆ ಅತ್ತಿಗೆ, ತೆಗೆದೆ."

ಎಡ ಅಂಗೈಯನ್ನು ಎಡಗಡೆ ಗುಂಡಿಯ ಮೇಲೆ ಇಟ್ಟುಕೊಂಡೇ ಬಲಗೈಯಿಂದ ಸುಕ್ಕು ಸವರುವುದು ನನ್ನ ಹಳೆಯ ಅಭ್ಯಾಸ. ನಿನಗೆ ಗೊತ್ತಿದ್ದದ್ದೇ. ಎರಡು ಗುಂಡಿ ಒಟ್ಟಿಗೆ ಒತ್ತದೆ ಬಟ್ಟೆ ಒತ್ತುವ ಬಿಸಿ ಹಲಗೆ ಮೇಲಿನಿಂದ ಇಳಿಯುವುದಿಲ್ಲ ಎಂಬ ಧೈರ್ಯ. ಬಲಗಡೆಗೆ ಪರದೆಗಳ ರಾಶಿ ಬಿದ್ದಿತ್ತು, ಗುಂಡಿ ಕಾಣುತ್ತಿರಲಿಲ್ಲ. ರಾಶಿ ಎತ್ತಿ ನೋಡಬಹುದಿತ್ತು. ನೋಡಲಿಲ್ಲ. ಯಾಕೆಂದರೆ ನೀನು ತೆಗೆದೆ ಅಂದಿದ್ದೆ.

ನೀನು ಸುಳ್ಳು ಹೇಳಿದೆ ಎಂದು ನಾನು ಹೇಳುತ್ತಿಲ್ಲ. ಸುಳ್ಳಾಗಿದ್ದರೆ ಸುಲಭವಿತ್ತು. ತೆಗೆಯಲು ಎದ್ದಿದ್ದೆ, ಎದ್ದವನು ತೆಗೆದೆ ಅಂದೆ, ಅಷ್ಟರಲ್ಲಿ ಹೊರಗೆ ಯಾರೋ ಕರೆದರು, ಆ ಕಡೆ ಹೋದೆ. ನಮ್ಮ ಮಾತಿಗೆ ಇದೊಂದು ರೋಗ. ಇನ್ನೂ ಹೊರಡದವರು ಬಂದೆ ಅನ್ನುತ್ತಾರೆ. ಇನ್ನೂ ಒಲೆ ಹಚ್ಚದವರು ಆಯ್ತು ಅನ್ನುತ್ತಾರೆ. ಆಗಬೇಕಾದದ್ದನ್ನೆಲ್ಲ ಆಗಿಹೋಗಿದೆ ಎಂದು ಹೇಳಿ ಎದುರಿನವರ ಬಾಯಿ ಮುಚ್ಚಿಸುತ್ತೇವೆ. ನಾನು ಆ ಮಾತಿನ ಕೆಳಗೆ ಕೈ ಇಟ್ಟೆ.

ಸಭೆಯಲ್ಲಿ ನಿನ್ನಣ್ಣ ಎದ್ದು ನಿಂತು ಕ್ಷಮಿಸಿದೆವು ಅಂದಾಗ ನನಗೆ ಕೇಳಿಸಿದ್ದು ಅದೇ ಮಾತು. ಅದೇ ಸ್ವರ. ಇನ್ನೂ ಯಾರೂ ಏನನ್ನೂ ತೆಗೆದಿರಲಿಲ್ಲ.

ಆವತ್ತಿನಿಂದ ಭಾನುವಾರದ ಪ್ರಾರ್ಥನೆಯಲ್ಲಿ, ನಮಗೆ ಕೆಡುಕು ಮಾಡಿದವರನ್ನು ಕ್ಷಮಿಸಿದ್ದೇವೆ ಎನ್ನುವ ಆ ಸಾಲು ಬಂದಾಗ ನಾನು ತುಟಿ ಮುಚ್ಚಿಕೊಳ್ಳುತ್ತೇನೆ. ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ಳುತ್ತೇನೆ. ಎಲ್ಲರೂ ಒಟ್ಟಿಗೆ ಹೇಳುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ದೇವರಿಗೆ ಗೊತ್ತಾಗುತ್ತದೆ. ಆಗಲಿ. ಆತನೆದುರು ಆಗದ್ದನ್ನು ಆಯ್ತು ಅನ್ನುವುದಕ್ಕಿಂತ ಸುಮ್ಮನಿರುವುದು ವಾಸಿ.

ಅತ್ತಿಗೆ


ಏಪ್ರಿಲ್ 24

ಅತ್ತಿಗೆಯವರಿಗೆ ನಮಸ್ಕಾರ,

ಕಾಗದ ಬಂದ ದಿನವೇ ಬರೆಯುತ್ತಿದ್ದೇನೆ. ನೀವು ಹೇಳಿದ್ದು ನಿಜ, ನಾನು ಎದ್ದಿದ್ದೆ. ಯಾರೋ ಗಿರಾಕಿ ಗಲ್ಲಾಪೆಟ್ಟಿಗೆಯ ಮೇಲಿನ ಗಂಟೆ ಬಡಿದ, ತಿರುಗಿದೆ. ದೇವರಾಣೆ, ತೆಗೆಯುವವನೇ ಇದ್ದೆ.

ಒಂದು ಮಾತು ಹೇಳಲಾ ಅತ್ತಿಗೆ? ತಪ್ಪು ತಿಳಿಯಬೇಡಿ. ಎಲ್ಲರೂ ಹಾಗೆ ಮಾತಾಡುತ್ತಾರೆ. ನೀವೂ ಆಡುತ್ತಿದ್ದಿರಿ. ಅಮ್ಮ ಹೋದ ಮೇಲೆ ನನ್ನನ್ನು ಶಾಲೆಗೆ ಬಿಡುತ್ತಿದ್ದವರು ನೀವು. ನಾನು ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಒಳಗಿನಿಂದ "ಬಂದೆ, ಬಂದೆ" ಎಂದು ನಿಮ್ಮ ದನಿ. ನೀವು ಆಗ ಇನ್ನೂ ತಲೆ ಬಾಚಿಕೊಳ್ಳುತ್ತಿರುತ್ತಿದ್ದಿರಿ. ಅದನ್ನು ಯಾರೂ ತಪ್ಪು ಅನ್ನಲಿಲ್ಲ. ಒಂದು ಮಾತಿಗೆ ಇಷ್ಟು ದೊಡ್ಡ ಶಿಕ್ಷೆಯೇ?

ನಿಮ್ಮ ಮೈದುನ


ಜೂನ್ 11

ತಮ್ಮನಿಗೆ,

ಅತ್ತಿಗೆಗೆ ಏನು ಬರೆದೆಯೋ ಮಾರಾಯ? ನಿನ್ನ ಕಾಗದ ಓದಿದವಳು ಮಡಿಸಿ ಮೇಜಿನ ಮೇಲಿಟ್ಟಳು, ಅವತ್ತಿನಿಂದ ಪೆನ್ನು ಮುಟ್ಟಿಲ್ಲ. ಬರೆಯುವ ಅಭ್ಯಾಸದಿಂದ ಎಡಗೈಗೆ ಸ್ವಲ್ಪ ಹಿಡಿತ ಬರುತ್ತಿತ್ತು. ನಾನು ಕೇಳಿದರೆ "ಏನಿಲ್ಲ, ಹಳೇ ವಿಷಯ" ಅನ್ನುತ್ತಾಳೆ. ನೀವಿಬ್ಬರೂ ಬರೆದುಕೊಳ್ಳುತ್ತಿದ್ದೀರಿ, ಎಲ್ಲ ಸರಿಹೋಗುತ್ತಿದೆ ಎಂದು ನಾನು ಪಾದ್ರಿಯವರಿಗೂ ಹೇಳಿದ್ದೆ.

ಅಂಗಡಿ ಕಷ್ಟದಲ್ಲಿದೆ. ಹೋಟೆಲಿನವರು ಬೇರೆ ಕಡೆ ಕೊಡುತ್ತಿದ್ದಾರೆ. ನೀನು ಯಾವಾಗ ಬರುತ್ತೀಯ ಎಂದು ಸ್ಪಷ್ಟವಾಗಿ ಬರೆ.

ಇತಿ,
ನಿನ್ನ ಅಣ್ಣ


ಜೂನ್ 18

ಅತ್ತಿಗೆಯವರಿಗೆ,

ಹಿಂದಿನ ಕಾಗದ ಹರಿದುಹಾಕಿ. ಅದನ್ನೂ ಅವಸರದಲ್ಲೇ ಬರೆದೆ.

ನೀವು ಬಂದೆ ಎಂದು ಬರದೆ ಇದ್ದಾಗ ನನಗೆ ಆದದ್ದು ಶಾಲೆಗೆ ತಡ. ಅಷ್ಟೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟೆನಲ್ಲ ಎಂದು ನಾಚಿಕೆಯಾಗುತ್ತದೆ.

ಇಲ್ಲಿ ಒಂದು ವಿಚಿತ್ರ ಆಗಿದೆ. ನಿಮ್ಮ ಏಪ್ರಿಲ್ ತಿಂಗಳ ಕಾಗದ ಓದಿದ ಮೇಲೆ ನನ್ನ ಬಾಯಿಂದ ಆ ಥರ ಮಾತೇ ಹೊರಡುತ್ತಿಲ್ಲ. ಮೇಲ್ವಿಚಾರಕರು ಬಾಗಿಲಿಂದ "ಮುಗೀತೇನಯ್ಯಾ?" ಎಂದು ಕೇಳಿದರೆ "ಇನ್ನೂ ಇಲ್ಲ ಸಾರ್" ಅನ್ನುತ್ತೇನೆ. ಗಂಟೆಲ್ಲ ಕಟ್ಟಿ ಮೇಜು ಒರೆಸಿ ಆಗಿದ್ದರೂ ಅದನ್ನೇ ಅನ್ನುತ್ತೇನೆ. ಮತ್ತೊಮ್ಮೆ ಎಲ್ಲವನ್ನೂ ಮುಟ್ಟಿ ನೋಡಿ ಆಮೇಲೆ ನಾನಾಗಿ ಹೋಗಿ ಹೇಳುತ್ತೇನೆ. ಜೊತೆಯವರು ನನಗೆ "ಇನ್ನೂಇಲ್ಲ" ಎಂದೇ ಹೆಸರಿಟ್ಟಿದ್ದಾರೆ. "ಏ ಇನ್ನೂಇಲ್ಲ, ಊಟ ಆಯ್ತಾ?" "ಏ ಇನ್ನೂಇಲ್ಲ, ಮದುವೆ ಆಗಿದ್ಯಾ?" ಎಲ್ಲದಕ್ಕೂ ಉತ್ತರ ಅವರೇ ಹೇಳಿಕೊಂಡು ನಗುತ್ತಾರೆ.

ಇದರಿಂದ ನಿಮ್ಮ ಬೆರಳು ಮಡಚುವುದಿಲ್ಲ. ಗೊತ್ತು.

ನಿಮ್ಮ ಮೈದುನ


ಆಗಸ್ಟ್ 5

ಮೈದುನನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೊದಲು ಸಿಟ್ಟಿತ್ತು, ಆಮೇಲೆ ಸಿಟ್ಟು ಇಲ್ಲದೆ ಖಾಲಿ ಇತ್ತು. ಖಾಲಿ ಇರುವಾಗ ಬರೆಯುವುದು ಇನ್ನೂ ಕಷ್ಟ.

ಪಾದ್ರಿಯವರು ಬಂದಿದ್ದರು. ನಿನ್ನಣ್ಣನೇ ಕರೆಸಿದ್ದು. ಕುರ್ಚಿಯ ತುದಿಯಲ್ಲಿ ಕೂತು ಕ್ಷಮೆಯ ವಿಷಯ ಎತ್ತಲು ದಾರಿ ಹುಡುಕುತ್ತಿದ್ದರು. ಪಾಪ ಅನ್ನಿಸಿ ನಾನೇ ಕೇಳಿಬಿಟ್ಟೆ. ಕರ್ತನನ್ನು ಹಿಡಿಯಲು ಬಂದ ದಿನ ಒಬ್ಬ ಶಿಷ್ಯ ಕತ್ತಿ ಬೀಸಿ ಮಹಾಯಾಜಕನ ಆಳಿನ ಕಿವಿ ಕತ್ತರಿಸಿದ. ಕರ್ತನು ಆ ಕಿವಿ ಮುಟ್ಟಿ ವಾಸಿಮಾಡಿದ. "ಆ ಆಳು ಆಮೇಲೆ ಕತ್ತಿಯವನನ್ನ ಕ್ಷಮಿಸಿದ್ನಾ?" ಎಂದು ಕೇಳಿದೆ.

"ಗೊತ್ತಿಲ್ಲಮ್ಮ. ಅದನ್ನ ಬರೆದಿಲ್ಲ."

"ಅವನಿಗೆ ಕಿವಿ ವಾಪಸ್ಸು ಬಂತು. ಆದ್ರೂ ಕೇಳಬೇಕಿತ್ತಲ್ವಾ ಯಾರಾದ್ರೂ ಅವನನ್ನ?"

"ಕೇಳಬೇಕಿತ್ತು." ಅವರು ಟೀ ಲೋಟ ಕೆಳಗಿಟ್ಟರು. "ಅವನು ಏನಂದಿರಬಹುದು ಅಂತ ನಾನು ಹೇಳಬಹುದು. ಆದ್ರೆ ಅದು ನಾನು ಕಟ್ಟಿದ ಮಾತಾಗತ್ತೆ."

ಪ್ರಾರ್ಥನೆ ಮಾಡದೆ ಎದ್ದು ಹೋದರು. ಆ ಮನುಷ್ಯನ ಮೇಲೆ ಅವತ್ತು ಮೊದಲ ಸಲ ಗೌರವ ಬಂತು.

ಅವರು ಹೋದ ಮೇಲೆ ನಿನ್ನಣ್ಣ ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಹಂಗಾದ್ರೆ ನೀನಿನ್ನೂ ಕ್ಷಮಿಸಿಲ್ವಾ?" ಎಂದರು, ಮನೆಯಲ್ಲಿ ಕಳ್ಳ ಸಿಕ್ಕ ಹಾಗೆ.

"ನೀವು ಕೇಳಿದ್ರಾ?"

"ಗಂಡ ಹೆಂಡ್ತಿ ಅಂದ್ಮೇಲೆ ಬೇರೆ ಬೇರೆ ಕೇಳೋದೇನಿದೆ?"

"ಕೈ ಸುಟ್ಟಾಗ ಬೇರೆ ಬೇರೆನೇ ಇತ್ತು."

ಮಾತು ಬಾಯಿಂದ ಬಿದ್ದ ಮೇಲೆ ನನಗೇ ಹೆಚ್ಚಾಯಿತು ಅನ್ನಿಸಿತು. ಅವರು ಹೋಗಿ ಗೋಡೆಯ ಕಡೆ ಮುಖ ಮಾಡಿ ಅಂಗಿಗಳಿಗೆ ಚೀಟಿ ಪಿನ್ನು ಚುಚ್ಚುತ್ತಾ ಕೂತರು. ತಿರುಗದೆಯೇ ಹೇಳಿದರು: "ನಂಗೆ ಭಯ ಆಗಿತ್ತು ಕಣೇ. ಆಸ್ಪತ್ರೆಯಲ್ಲಿ ನಿನ್ನ ಕೈ ನೋಡಿದ ದಿನ ಅವನನ್ನ ಕೊಂದೇ ಬಿಡ್ತೀನಿ ಅನ್ಕೊಂಡಿದ್ದೆ. ನಿಜವಾಗ್ಲೂ. ಮಲಗಿದ್ರೂ ಅದೇ ಯೋಚನೆ. ಎಲ್ಲರ ಮುಂದೆ ಹೇಳಿಬಿಟ್ರೆ ಆಮೇಲೆ ಕೈ ಎತ್ತೋಕಾಗಲ್ಲ ಅಂತ ಎದ್ದು ನಿಂತೆ. ಒಬ್ಬನೇ ಹೇಳೋಕೆ ಧೈರ್ಯ ಸಾಲ್ಲಿಲ್ಲ. ಅದಕ್ಕೆ ನಿನ್ನನ್ನೂ ಸೇರಿಸ್ಕೊಂಡೆ."

ಇಷ್ಟು ವರ್ಷ ಅವರ ಆ "ನಾವು" ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಹೆದರಿದವರು ಪಕ್ಕದವರ ಕೈ ಹಿಡಿಯುವ ಹಾಗೆ ಅದು. ನನಗೆ ಗೊತ್ತಿರಲಿಲ್ಲ.

ಇದನ್ನು ನಿನಗೆ ಯಾಕೆ ಬರೆದೆನೆಂದರೆ, ನಿನ್ನನ್ನು ಕೊಲ್ಲುವಷ್ಟು ಸಿಟ್ಟು ಅವರಿಗೂ ಇತ್ತು ಎಂದು ನಿನಗೆ ತಿಳಿದಿರಲಿ. ಅವರೊಬ್ಬರು ದೇವರಂಥವರು, ನಾನೊಬ್ಬಳು ಕಲ್ಲು ಎಂದು ನೀನು ಅಂದುಕೊಂಡಿದ್ದರೆ.

ಅತ್ತಿಗೆ


ಆಗಸ್ಟ್ 20

ಅತ್ತಿಗೆಯವರಿಗೆ ನಮಸ್ಕಾರ,

ನಿಮ್ಮನ್ನು ಕಲ್ಲು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಅಣ್ಣನ ವಿಷಯ ಓದಿ, ಅವನು ನನ್ನನ್ನು ನಾಲ್ಕು ಬಾರಿಸಿದ್ದರೆ ಮೂವರಿಗೂ ಒಳ್ಳೆಯದಿತ್ತೇನೋ ಅನ್ನಿಸಿತು.

ನಾನು ಬರುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ಅಣ್ಣನಿಗೂ ಬರೆಯುತ್ತೇನೆ, ಬೇರೆ ಕೆಲಸದವರನ್ನು ಇಟ್ಟುಕೊಳ್ಳಲಿ. ನೀವು ಬೇಡ ಅಂದಿರಿ ಎಂದಲ್ಲ. ಬಂದರೆ ನೀವು ದಿನವೂ ನನ್ನ ಮುಖ ನೋಡಬೇಕು. ಕ್ಷಮಿಸುವುದು ಬೆಳಗ್ಗೆ ಎದ್ದಾಗಿನಿಂದ ಮಾಡಬೇಕಾದ ಇನ್ನೊಂದು ಕೆಲಸವಾಗುತ್ತದೆ. ಒಂದು ಕೈಯಲ್ಲಿ ನಿಮಗೆ ಈಗಿರುವ ಕೆಲಸವೇ ಸಾಕಷ್ಟಿದೆ.

ನನ್ನನ್ನು ಕ್ಷಮಿಸದೆ ಇದ್ದರೂ ನಿಮಗೆ ನೆಮ್ಮದಿ ಸಿಗಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತೇನೆ. ಹಾಗೆ ಕೇಳಿಕೊಳ್ಳಬಹುದೋ ಇಲ್ಲವೋ ಗೊತ್ತಿಲ್ಲ. ಆದರೂ ಕೇಳಿಕೊಳ್ಳುತ್ತೇನೆ.

ನಿಮ್ಮ ಮೈದುನ


ಸೆಪ್ಟೆಂಬರ್ 30

ಮೈದುನನಿಗೆ,

ನೀನು ತೀರ್ಮಾನ ಮಾಡಿದ್ದೇನೆ ಎಂದು ಬರೆದಿದ್ದೀಯ. ಈ ಮನೆಯ ಗಂಡಸರೆಲ್ಲ ನನ್ನ ಪರವಾಗಿ ತೀರ್ಮಾನ ಮಾಡಿ ಆಮೇಲೆ ನನಗೆ ತಿಳಿಸುತ್ತೀರಿ. ಒಬ್ಬರು ಕ್ಷಮಿಸಿಬಿಟ್ಟರು. ಇನ್ನೊಬ್ಬ ನನಗೆ ಕ್ಷಮಿಸುವ ಶಕ್ತಿ ಸಾಲದು ಎಂದು ನಿರ್ಧರಿಸಿಬಿಟ್ಟ.

ನಿನ್ನಣ್ಣ ಹೊಸಬನೊಬ್ಬನನ್ನು ಯಂತ್ರಕ್ಕೆ ಇಟ್ಟುಕೊಂಡಿದ್ದಾರೆ. ನಿಧಾನದ ಮನುಷ್ಯ. ಹಾಗಾಗಿ ಯಂತ್ರದ ಹತ್ತಿರ ನಿನಗೆ ಇನ್ನು ಕೆಲಸವಿಲ್ಲ, ಆ ಯೋಚನೆ ಬಿಡು. ನಾನು ಟವೆಲ್ ಮಡಿಸುತ್ತೇನೆ. ಹಿಂದಿನ ಕೋಣೆಯ ಮೇಜಿನ ಮೇಲೆ ಹರಡಿ, ಬಲ ಮೊಣಕೈಯಿಂದ ಒಂದು ಅಂಚು ಅದುಮಿ, ಎಡಗೈಯಿಂದ ಎಳೆದು ಮಡಿಸಬೇಕು. ಮೊದಮೊದಲು ಅತ್ತುಬಿಡುತ್ತಿದ್ದೆ. ಈಗ ಕೆಲವು ಸಲ ರಾಶಿಯ ನಡುವೆ ಎಲ್ಲೋ ಒಂದು ಕಡೆ ತಲೆಯಲ್ಲಿ ಏನೂ ಇರುವುದಿಲ್ಲ. ನೋವಿಲ್ಲ, ಸಿಟ್ಟಿಲ್ಲ, ನೀನೂ ಇಲ್ಲ. ಬಿಸಿ ಬಟ್ಟೆಯ ವಾಸನೆ ಮಾತ್ರ. ಪುಸ್ತಕಗಳಲ್ಲಿ ಹೇಳುವ ಸಮಾಧಾನ ಇದೇ ಇರಬೇಕೇನೋ. ರಾಶಿ ಮುಗಿದ ಮೇಲೆ ಎಲ್ಲ ವಾಪಸ್ಸು ಬರುತ್ತದೆ.

ಪ್ರಾರ್ಥನೆಯ ಆ ಸಾಲನ್ನು ನಾನು ಇನ್ನೂ ಹೇಳಿಲ್ಲ. ಕಳೆದ ಭಾನುವಾರ ಅದು ಬಂದಾಗ ಎಂದಿನಂತೆ ಸುಮ್ಮನಾದೆ. ಪಕ್ಕದಲ್ಲಿ ಏನೋ ಕಡಿಮೆಯಾದ ಹಾಗಾಯಿತು. ನೋಡಿದರೆ ನಿನ್ನಣ್ಣನೂ ಬಾಯಿ ಮುಚ್ಚಿ ನಿಂತಿದ್ದಾರೆ. ಕಣ್ಣು ನೆಲದ ಮೇಲೆ. ಮುಂದಿನ ಸಾಲಿಗೆ ಇಬ್ಬರೂ ಒಟ್ಟಿಗೆ ಸೇರಿಕೊಂಡೆವು.

ಈಗ ಹೇಳಬೇಕಾದದ್ದು. ಹಿಂದಿನ ಕೋಣೆಯ ಕಿಟಕಿಯ ಚಿಲಕ ತುಕ್ಕು ಹಿಡಿದು ಕೂತಿದೆ. ಹಬೆಯಿಂದ ಉಸಿರು ಕಟ್ಟುತ್ತದೆ. ಒಂದು ಕೈಯಲ್ಲಿ ನನ್ನಿಂದ ಆಗುವುದಿಲ್ಲ, ನಿನ್ನಣ್ಣನಿಗೆ ಸುತ್ತಿಗೆ ಕೊಟ್ಟರೆ ಕಿಟಕಿಯೇ ಉಳಿಯುವುದಿಲ್ಲ. ಒಂದು ಭಾನುವಾರ ರಜೆ ಹಾಕಿ ಬಂದು ಸರಿಮಾಡಿಕೊಡು. ಊಟಕ್ಕೆ ಇರು. ನಾನು ಹೆಚ್ಚು ಮಾತಾಡುವುದಿಲ್ಲ. ಸಂಜೆ ಹೊರಟುಬಿಡು. ನಿನ್ನಣ್ಣನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಪಾದ್ರಿಯವರಿಂದ ಹಿಡಿದು ಸೋಪಿನವನ ತನಕ ಎಲ್ಲರನ್ನೂ ಕರೆದು ಬಾಗಿಲಲ್ಲಿ ನಿಲ್ಲಿಸುತ್ತಾರೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಕೆಲಸ ಮುಗಿದು ನೀನು ಆಯ್ತು ಅಂದ ಮೇಲೆ ನಾನು ಎದ್ದು ಬಂದು, ನಿನ್ನ ಎದುರಿಗೇ, ಆ ಕಿಟಕಿಯನ್ನು ತೆರೆದು ಮುಚ್ಚಿ ನೋಡುತ್ತೇನೆ. ನೀನು ಎಷ್ಟು ಚೆನ್ನಾಗಿ ಮಾಡಿದ್ದರೂ ನೋಡುತ್ತೇನೆ. ಇನ್ನೊಂದು ಸಲ ಬಂದು ಇನ್ನೇನಾದರೂ ಮಾಡಿದರೆ ಅದನ್ನೂ ಹಾಗೆಯೇ. ಇದು ಎಷ್ಟು ವರ್ಷ ಎಂದು ಕೇಳಬೇಡ. ನನಗೆ ಗೊತ್ತಿಲ್ಲ.

ಪಕ್ಕದಲ್ಲಿ ನಿಂತು ಅದನ್ನು ನೋಡಲು ನಿನ್ನಿಂದ ಆಗುವುದಾದರೆ ಬಾ.

ಅತ್ತಿಗೆ